ಹಳೆ ಮಾಳಿಗೆಯ ಕಟ್ಟಿಗೆ, ಊರಿಗೊಂದು ಪಡಸಾಲೆ: ಬಡಿಗರನ್ನು ಕೂಡಿಸಿದ ನನ್ನ ಅನುಭವ

ಬಡಿಗರನ್ನು ಸಭೆಗೆ ಕರೆದರೆ ಬರುವುದಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು, ಶಾಲು ಹೊದಿಸಿದರೆ ಹೊದಿಸಿಕೊಂಡು, ಊಟ ಮುಗಿಸಿ ಬಸ್ಸು ಹತ್ತುತ್ತಾರೆ. ಅದೇ ಜನರ ಮುಂದೆ ಒಂದು ಹಳೆ ತೊಲೆ ಇಟ್ಟು, "ಇದರ ತುದಿ ಹುಳ ತಿಂದೈತಿ, ಏನ್ ಮಾಡೂಣ್ರಿ?" ಎಂದು ಕೇಳಿ ನೋಡಿ. ಸಂಜೆಯವರೆಗೂ ಮಾತು ನಿಲ್ಲುವುದಿಲ್ಲ. ಹೋದ ವರ್ಷ ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ, ಶಿವರಾತ್ರಿಗೆ ಮೊದಲು, ಗಂಗಾವತಿ ಮತ್ತು ಕನಕಗಿರಿ ನಡುವಿನ ಒಂದು ಊರಿನಲ್ಲಿ ಕಂಬ-ತೊಲೆಯ ಕೆಲಸ ಬಲ್ಲವರನ್ನೆಲ್ಲ ಕೂಡಿಸಿದೆವು. ವೇದಿಕೆ ಹಾಕಲಿಲ್ಲ, ಮೈಕು ತರಲಿಲ್ಲ. ಬಿಚ್ಚಬೇಕಾದ ಒಂದು ಹಳೆ ಮನೆ ಇತ್ತು, ಅದೇ ಕಟ್ಟಿಗೆಯಿಂದ ನಿಲ್ಲಿಸಬೇಕಾದ ಒಂದು ಪಡಸಾಲೆ ಇತ್ತು. ಇಂಥ ಕೂಟ ನಡೆಸಬೇಕೆನ್ನುವ ಬೇರೆ ಊರಿನವರಿಗೆ ಉಪಯೋಗವಾಗಲಿ ಎಂದು ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಬಡಿಗತನದ ಮನೆಯವನು. ಅಪ್ಪ ಚಕ್ಕಡಿ, ಕೂರಿಗೆ, ಕುಂಟೆ ಮಾಡುತ್ತಿದ್ದರು. ಸುಗ್ಗಿಯಲ್ಲಿ ಒಕ್ಕಲು ಮನೆಗಳಿಂದ ಜೋಳ ಬರುತ್ತಿತ್ತು, ಅದೇ ವರ್ಷದ ಕೂಲಿ. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಕರಗಿತು. ನಾನು ಬಾಗಿಲು, ಚೌಕಟ್ಟು ಎಂದು ಶುರು ಮಾಡಿ ಈಗ ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತೇನೆ. ಹಾಗಾಗಿ ಹಳೆ ಮನೆ ಕೆಡವುವುದನ್ನೂ ಹತ್ತಿರದಿಂದ ಕಂಡವನು.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಳೆ ಮನೆ ಎಂದರೆ ಮಾಳಿಗೆ ಮನೆ. ಸುತ್ತ ಕಲ್ಲು-ಮಣ್ಣಿನ ದಪ್ಪ ಗೋಡೆ. ಒಳಗೆ ಕಲ್ಲಿನ ಮೇಲೆ ನಿಂತ ಕಂಬ, ಕಂಬದ ತಲೆಗೆ ಬೋದಿಗೆ ಎಂಬ ಅಡ್ಡಗಟ್ಟಿಗೆ, ಬೋದಿಗೆ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ ಎಂಬ ಸಣ್ಣ ತೊಲೆಗಳು, ಅದರ ಮೇಲೆ ಹಲಗೆಯೋ ಸಣ್ಣ ಕಟ್ಟಿಗೆಯೋ, ಆಮೇಲೆ ಸೊಪ್ಪು, ಕೊನೆಗೆ ಮಣ್ಣು. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಹಿರಿಯರು ಈಗಲೂ ಇಷ್ಟು ಅಂಕಣ ಎಂದೇ ಹೇಳುತ್ತಾರೆ. ಇಂಥ ಮನೆಯನ್ನು ಜೆಸಿಬಿ ಒಂದು ಮುಂಜಾನೆಯಲ್ಲಿ ಮುಗಿಸುತ್ತದೆ. ಸಾಗುವಾನಿ ತೊಲೆ, ಕಂಬ ಹಳೆ ಕಟ್ಟಿಗೆ ವ್ಯಾಪಾರಿಗಳ ಲಾರಿ ಹತ್ತಿ ದೂರದ ಊರಿನ ಹೋಟೆಲು, ರೆಸಾರ್ಟುಗಳಿಗೆ ಹೋಗುತ್ತವೆ. ಕಟ್ಟಿಗೆ ಹೋಗುವ ದುಃಖ ಒಂದು ಕಡೆ. ಅದಕ್ಕಿಂತ ದೊಡ್ಡದು, ಆ ಕಟ್ಟಿಗೆಗಳು ಒಂದಕ್ಕೊಂದು ಹೇಗೆ ಕೂಡಿದ್ದವು ಎಂಬುದನ್ನು ಯಾರೂ ನೋಡದೆ ಹೋಗುವುದು. ಬೋದಿಗೆಯನ್ನು ಕಂಬದಿಂದ ಎತ್ತಿದಾಗ ಮಾತ್ರ ಒಳಗಿನ ಕೆಲಸ ಕಾಣುತ್ತದೆ. ಜೆಸಿಬಿಯ ಹಲ್ಲು ತಾಗಿದರೆ ಮೊದಲು ಮುರಿಯುವುದೂ ಅದೇ ಜಾಗ.

ಬೇರೆ ದೇಶದ ಬಡಿಗರು ಏನು ಮಾಡುತ್ತಾರೆಂದು ತಿಳಿದದ್ದು ನನಗೆ ದಾರಿ ತೋರಿಸಿತು. ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆ ಕಟ್ಟುವವರು 1985ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾನ್‌ಕಾಕ್‌ನಲ್ಲಿ ಮೊದಲ ಸಮ್ಮೇಳನ ಸೇರಿದರು. ಆ ಹೊತ್ತಿಗೆ ಅಲ್ಲಿಯೂ ಈ ಕೆಲಸ ಬಹುತೇಕ ಮರೆತುಹೋಗಿತ್ತು. ಹಳೆ ಕೊಟ್ಟಿಗೆಗಳನ್ನು ಬಿಚ್ಚಿ, ನೋಡಿ, ಅಳೆದು ಮತ್ತೆ ಕಲಿತವರು ಅವರು. ಅವರ ಸಂಘದವರು 1992ರಲ್ಲಿ ಕೆನಡಾದ ಗ್ವೆಲ್ಫ್ ಊರಲ್ಲಿ ಸೇರಿದಾಗ ನದಿಯ ಮೇಲೆ ಒಂದು ಮರದ ಸೇತುವೆಯನ್ನೇ ಕಟ್ಟಿ ಊರಿಗೆ ಬಿಟ್ಟು ಬಂದರು. ಪ್ಯಾರಿಸ್ಸಿನ ನೊಟ್ರೆ ಡಾಮ್ ಚರ್ಚಿನ ಮರದ ಛಾವಣಿ 2019ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತಲ್ಲ, ಮತ್ತೆ ಹಾಗೆಯೇ ಮರದಲ್ಲಿ ಕಟ್ಟಲು ಸಾಧ್ಯವೇ ಎಂಬ ಚರ್ಚೆ ನಡೆದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಬಡಿಗರು ಓಕ್ ಮರವನ್ನು ಕೊಡಲಿಯಿಂದ ಕೆತ್ತಿ, ಛಾವಣಿಯ ಒಂದು ಪೂರ್ತಿ ಚೌಕಟ್ಟು ಮಾಡಿ, ಚರ್ಚಿನ ಎದುರಿಗೇ ಹಗ್ಗ ಕಟ್ಟಿ ಕೈಯಿಂದ ಎತ್ತಿ ನಿಲ್ಲಿಸಿ ತೋರಿಸಿದರು. ಚರ್ಚೆಗೆ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಚರ್ಚು ಮರದ ಛಾವಣಿಯೊಂದಿಗೇ ಮತ್ತೆ ತೆರೆಯಿತು. ಸೇರಿದಾಗ ಏನಾದರೂ ಒಂದನ್ನು ಕಟ್ಟಿ ನಿಲ್ಲಿಸಬೇಕು, ಆ ಕೆಲಸದ ನಡುವೆಯೇ ಮಾತು ಹುಟ್ಟಬೇಕು. ನಾನು ಅವರಿಂದ ತೆಗೆದುಕೊಂಡದ್ದು ಇದೊಂದನ್ನೇ.

ಮನೆ ಸಿಕ್ಕಿದ್ದು ನಮ್ಮ ಪರಿಚಯದ ಒಬ್ಬ ರೈತರಿಂದ. ಅವರ ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಹಿಂದಿನ ಗೋಡೆ ಬಿದ್ದು ಯಾರೂ ಇರಲಿಲ್ಲ. ವ್ಯಾಪಾರಿಗಳು ಬಂದು ಬೆಲೆ ಕಟ್ಟಿ ಹೋಗಿದ್ದರು. ಮನೆಯವರೆಲ್ಲ ಕೂತು ಮಾತಾಡಿ, ಪಡಸಾಲೆಯ ಮೂರು ಅಂಕಣದ ಕಟ್ಟಿಗೆಯನ್ನು ಊರಿಗೆ ಬಿಟ್ಟುಕೊಡಲು ಒಪ್ಪಿದರು. ಉಳಿದದ್ದನ್ನು ಅವರೇ ಇಟ್ಟುಕೊಂಡರು. ಗುಡಿಯ ಪಕ್ಕದ ಖಾಲಿ ಜಾಗದಲ್ಲಿ ಹುಡುಗರು ಓದಲಿಕ್ಕೆ, ಹಿರಿಯರು ಕೂರಲಿಕ್ಕೆ ಒಂದು ತೆರೆದ ಪಡಸಾಲೆ ಎಂದು ಪಂಚಾಯಿತಿಯವರೊಂದಿಗೆ ಮಾತಾಯಿತು. ಸಾಗುವಾನಿ ಎಂದರೆ ಹಳೆಯದಾದರೂ ಸಾಗಿಸುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳುವುದು ಒಳ್ಳೆಯದು. ನಾವು ಒಂದೇ ಊರಿನೊಳಗೆ ಸಾಗಿಸುವುದಾದರೂ ಕೇಳಿಯೇ ಕೈ ಹಾಕಿದೆವು.

ಕರೆಯುವ ವಿಷಯದಲ್ಲಿ ನಾನು ಒಂದು ಮಾತಿಗೆ ಗಟ್ಟಿಯಾಗಿ ನಿಂತೆ: ಬಂದವರಿಗೆಲ್ಲ ದಿನಗೂಲಿ ಕೊಡಬೇಕು. ಬಡಿಗನಿಗೆ ಒಂದು ದಿನ ಹೋಯಿತೆಂದರೆ ಒಂದು ದಿನದ ಕೂಲಿ ಹೋಯಿತು. ಕಲೆ, ಪರಂಪರೆ ಎಂದು ಹೇಳಿ ಬಿಟ್ಟಿ ಕರೆಯುವುದು ಆ ಕಲೆಗೆ ಮಾಡುವ ಅಗೌರವ. ನಾನು ಮತ್ತು ನನ್ನ ಇಬ್ಬರು ಗುತ್ತಿಗೆದಾರ ಗೆಳೆಯರು ಕೂಲಿ ಹೊತ್ತೆವು, ಊರಿನವರು ಊಟ ಹೊತ್ತರು. ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಗಂಗಾವತಿ ಸೋನಾ ಮಸೂರಿ ಅನ್ನ. ತಿಂಗಳನ್ನೂ ನೋಡಿಯೇ ಆರಿಸಿದ್ದು. ಭತ್ತದ ಕೊಯ್ಲು ಮುಗಿದಿರಬೇಕು, ಮದುವೆ ಸೀಜನ್ನಿನ ಮಂಚ-ಕಪಾಟಿನ ಕೆಲಸ ಶುರುವಾಗಿರಬಾರದು, ಬಿಸಿಲು ಏರಿರಬಾರದು. ಏಪ್ರಿಲ್‌ನಲ್ಲಿ ನಮ್ಮಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಆಗ ತೆರೆದ ಬಯಲಲ್ಲಿ ತೊಲೆ ಎತ್ತಿಸುವುದು ಅನ್ಯಾಯ.

ಯಾರು ಬಂದರು ಎಂಬುದು ಮುಖ್ಯ. ತೇರಿನ ಕೆಲಸ ಮಾಡುವ ಬಡಿಗರು ಬಂದರು. ತೇರೆಂದರೆ ನಡೆಯುವ ಕಟ್ಟಡ. ಗಾಲಿ, ಅಚ್ಚಿನ ಮೇಲೆ ಅಷ್ಟು ಎತ್ತರದ ಭಾರ ಕುಲುಕಾಡಿದರೂ ಕೂಡಿಕೆ ಬಿಡಬಾರದು. ಅವರ ತಿಳಿವಳಿಕೆ ಮನೆ ಕಟ್ಟುವವರಿಗಿಂತ ಒಂದು ಕೈ ಮೇಲು. ಚಕ್ಕಡಿ ಮಾಡಿ ಬಿಟ್ಟ ಹಿರಿಯರು ಬಂದರು. ಕಿನ್ನಾಳದಿಂದ ಇಬ್ಬರು ಬಂದಿದ್ದರು. ಅವರದು ಹಗುರ ಮರದ ಗೊಂಬೆ, ಪಲ್ಲಕ್ಕಿ, ಬಣ್ಣದ ಕೆಲಸ. ಕಂಬ-ತೊಲೆ ಅವರ ಕಸುಬಲ್ಲದಿದ್ದರೂ ಬೋದಿಗೆಯ ಕೆತ್ತನೆ ನೋಡಬೇಕೆಂದು ಬಂದವರು. ಗೌಂಡಿಗಳು, ಹುಬ್ಬಳ್ಳಿ ಕಡೆಯ ಇಬ್ಬರು ಆರ್ಕಿಟೆಕ್ಟ್ ಹುಡುಗಿಯರು, ಒಬ್ಬ ಸಿವಿಲ್ ಎಂಜಿನಿಯರ್, ಮತ್ತೆ ಪ್ಲೈವುಡ್ ಕಪಾಟು, ಅಡುಗೆಮನೆ ಫಿಟ್ಟಿಂಗ್ ಮಾಡುವ ಹತ್ತಾರು ಹುಡುಗರು. ಈ ಹುಡುಗರ ಸಲುವಾಗಿಯೇ ಇಷ್ಟೆಲ್ಲ. ಅಪ್ಪ-ಅಜ್ಜ ಬಡಿಗರು, ಇವರ ಕೈಯಲ್ಲಿ ಡ್ರಿಲ್ ಮಷಿನ್ ಮತ್ತು ಸ್ಕ್ರೂ. ಕೆಲಸದಲ್ಲಿ ಚುರುಕು, ಆದರೆ ಉಳಿ ಹಿಡಿದು ತೂತು ಹೊಡೆದವರು ಕಡಿಮೆ.

ಮೊದಲ ಕೆಲಸ ಬಿಚ್ಚುವುದು. ಮಾಳಿಗೆಯ ಮೇಲಿನ ಮಣ್ಣು ತೆಗೆಯುತ್ತ ಹೋದಂತೆ ಪದರ ಪದರವಾಗಿ ಕಂಡಿತು. ಮಳೆಗಾಲಕ್ಕೆ ಮೊದಲು ಸೋರುವ ಜಾಗಕ್ಕೆ ಹೊಸ ಮಣ್ಣು ಹಾಕುವುದು ರೂಢಿ. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕಿದರೆ ಒಂದು ಗೇಣಿದ್ದದ್ದು ಒಂದೂವರೆ ಮೊಳವಾಗುತ್ತದೆ. ಎಂಜಿನಿಯರ್ ಅಲ್ಲಿಯೇ ಲೆಕ್ಕ ಹಾಕಿ ಹೇಳಿದರು: ಒಂಬತ್ತು ಇಂಚು ಗಟ್ಟಿ ಮಣ್ಣೆಂದರೆ ಒಂದು ಚದರ ಅಡಿಗೆ ಸುಮಾರು 35ರಿಂದ 38 ಕಿಲೊ. ಹತ್ತಡಿಗೆ ಹತ್ತಡಿಯ ಒಂದು ಅಂಕಣಕ್ಕೆ ಮೂರೂವರೆಯಿಂದ ನಾಲ್ಕು ಟನ್. ಮಣ್ಣು ಎರಡು ಪಟ್ಟಾದರೆ ಭಾರವೂ ಎರಡು ಪಟ್ಟು. ನಡುವಿನ ತೊಲೆ ಬಾಗಿದ್ದು ಕಟ್ಟಿಗೆಯ ದೋಷದಿಂದಲ್ಲ ಎಂಬುದು ಎಲ್ಲರಿಗೂ ಅಲ್ಲಿಯೇ ಗೊತ್ತಾಯಿತು. ಮಾಳಿಗೆ ಮನೆಯಲ್ಲಿ ಇನ್ನೂ ವಾಸ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಹಳೆ ಮಣ್ಣು ಕೆರೆದು ತೆಗೆದೇ ಹೊಸದು ಹಾಕಿ.

ಬಿಚ್ಚುವ ಮೊದಲೇ ಪ್ರತಿ ಕಟ್ಟಿಗೆಗೂ ಗುರುತು ಹಾಕಿದೆವು. ಸುಣ್ಣದಲ್ಲಿ ಬರೆದದ್ದು ಒರೆಸಿಹೋಗುತ್ತದೆ. ಡಬ್ಬದ ತಗಡಿನ ತುಂಡಿಗೆ ಮೊಳೆಯಿಂದ ಅಂಕಿ ಚುಚ್ಚಿ, ಸಣ್ಣ ಮೊಳೆಯಿಂದ ಕಟ್ಟಿಗೆಗೆ ಹೊಡೆದೆವು: ಅಂಕಣ ಯಾವುದು, ಮುಖ ಯಾವ ದಿಕ್ಕಿಗಿತ್ತು. ಬೋದಿಗೆ ಎತ್ತಿದಾಗ ನಮಗಿಂತ ಮೊದಲೇ ಆ ಕೆಲಸ ಮಾಡಿದವರ ಗುರುತು ಸಿಕ್ಕಿತು. ಕಂಬದ ತಲೆಯಲ್ಲಿ ಉಳಿಯಿಂದ ಹೊಡೆದ ಅಡ್ಡ ಗೀರುಗಳು, ಅದರ ಬೋದಿಗೆಯ ಹೊಟ್ಟೆಯಲ್ಲೂ ಅಷ್ಟೇ ಗೀರು. ಯಾವ ಕಂಬಕ್ಕೆ ಯಾವ ಬೋದಿಗೆ ಎಂದು ಕಟ್ಟಿದವರು ಮಾಡಿಕೊಂಡ ಲೆಕ್ಕ. ಯಂತ್ರ ಇಲ್ಲದ ಕಾಲದಲ್ಲಿ ಎರಡು ಕಂಬ ಒಂದೇ ಅಳತೆಯಲ್ಲಿ ಇರುತ್ತಿರಲಿಲ್ಲ, ಪ್ರತಿ ಕೂಡಿಕೆಯನ್ನೂ ಅದರ ಜೋಡಿಗೆ ನೋಡಿಯೇ ಕೆತ್ತುತ್ತಿದ್ದರು. ಹಾಗಾಗಿ ಅದಲುಬದಲು ಮಾಡಿದರೆ ಕೂರುವುದಿಲ್ಲ. ಹುಡುಗರು ಒಂದು ಬೋದಿಗೆಯನ್ನು ಬೇರೆ ಕಂಬಕ್ಕೆ ಇಟ್ಟು ನೋಡಿದರು. ಅರ್ಧ ಇಂಚು ತಿರುಗಿ ನಿಂತಿತು. ಸರಿಯಾದ ಕಂಬಕ್ಕೆ ಇಟ್ಟಾಗ ಕೊಡತಿಯ ಎರಡು ಪೆಟ್ಟಿಗೆ ಕೂತಿತು.

ಬೋದಿಗೆ ಅಂದಕ್ಕೆ ಮಾತ್ರ ಎಂದು ತಿಳಿದವರು ಬಹಳ. ಹತ್ತಡಿ ದೂರದ ಎರಡು ಕಂಬಗಳ ಮೇಲೆ ನಾಲ್ಕಡಿ ಉದ್ದದ ಬೋದಿಗೆ ಇಟ್ಟರೆ ತೊಲೆಯ ಕೆಳಗೆ ಆಧಾರವಿಲ್ಲದ ದೂರ ಆರಡಿಗೆ ಇಳಿಯುತ್ತದೆ. ತೊಲೆಯನ್ನು ಬಗ್ಗಿಸುವ ಜೋರು ದೂರದ ವರ್ಗದಂತೆ ಏರುತ್ತದೆ. ಹತ್ತಕ್ಕೆ ನೂರಾದರೆ ಆರಕ್ಕೆ ಮೂವತ್ತಾರು. ಬೋದಿಗೆ ಸಡಿಲವಾಗಿ ಕೂತಿರುವುದರಿಂದ ಪೂರ್ತಿ ಅಷ್ಟು ಲಾಭ ಸಿಗದಿದ್ದರೂ ಅರ್ಧಕ್ಕರ್ಧ ಸಿಕ್ಕರೂ ದೊಡ್ಡದು. ಎರಡು ತೊಲೆಯ ತುದಿ ಬಂದು ಕೂಡುವುದಕ್ಕೂ ಅದೇ ಜಾಗ. ಎಂಜಿನಿಯರ್ ಈ ಲೆಕ್ಕವನ್ನು ನೆಲದ ಮೇಲೆ ಗೀಚಿ ತೋರಿಸಿದಾಗ ತೇರಿನ ಕೆಲಸದ ಹಿರಿಯ ಆಚಾರರು, "ನಮಗ ಲೆಕ್ಕ ಗೊತ್ತಿಲ್ರಿ ಸಾಹೇಬ್ರ. ಆದ್ರ ಬೋದಗಿ ಕಂಬದ ಅಗಲದ ಮೂರು ಪಟ್ಟಿಗಿಂತ ಕಡಿಮಿ ಇಟ್ರ ಅಪ್ಪ ಬೈತಿದ್ದ" ಎಂದರು. ಎಂಜಿನಿಯರ್ ಅದನ್ನು ಡೈರಿಯಲ್ಲಿ ಬರೆದುಕೊಂಡರು.

ಈಗ ಕಂಬದ ಕಾಲಿನ ವಿಷಯ. ಬಿಚ್ಚಿದ ಕಂಬಗಳಲ್ಲಿ ಹೆಚ್ಚಿನವು ಮೇಲೆ ಕಬ್ಬಿಣದಂತೆ ಗಟ್ಟಿ, ಕೆಳಗೆ ಒಂದು ಮೊಳ ಪುಡಿ. ಕಾರಣ ಹುಡುಕಲು ಕಷ್ಟವಿರಲಿಲ್ಲ. ಮೊದಲು ಕಂಬ ನೆಲಕ್ಕಿಂತ ಎತ್ತರದ ಕಲ್ಲಿನ ಮೇಲೆ ನಿಂತಿತ್ತು. ಆಮೇಲೆ ಯಾವಾಗಲೋ ನೆಲ ಎತ್ತರಿಸಿ ಸಿಮೆಂಟು ಹಾಕಿದ್ದಾರೆ, ಕಲ್ಲು ಮುಚ್ಚಿ ಸಿಮೆಂಟು ಕಂಬದ ಸುತ್ತ ಬಂದಿದೆ. ನೆಲ ತೊಳೆದ ನೀರು ಸುತ್ತ ನಿಂತು, ಆರಲು ದಾರಿ ಇಲ್ಲದೆ ತುದಿ ಕೊಳೆತು, ಗೆದ್ದಲು ಬಂದಿದೆ. ಸಾಗುವಾನಿಯಾದರೂ ನೀರಲ್ಲಿ ನಿಲ್ಲಿಸಿದರೆ ಬಾಳಲಾರದು.

ಅದಕ್ಕೆ ಹೊಸ ಕಾಲು ಕೂಡಿಸಬೇಕು. ಈ ಕೆಲಸ ಮಾಡಿ ತೋರಿಸಿದವರು ಚಕ್ಕಡಿ ಮಾಡುತ್ತಿದ್ದ ಎಪ್ಪತ್ತು ದಾಟಿದ ಅಜ್ಜ. ಅವರ ಸುತ್ತ ಹುಡುಗರು ಬಗ್ಗಿ ನಿಂತಿದ್ದರು. ಕೊಳೆತ ಭಾಗಕ್ಕಿಂತ ಒಂದು ಗೇಣು ಮೇಲೆ, ಗಟ್ಟಿ ಕಟ್ಟಿಗೆ ಸಿಗುವವರೆಗೆ ಬಾಚಿಯ ಹಿಂಬದಿಯಿಂದ ತಟ್ಟುತ್ತ ಶಬ್ದ ಕೇಳಿದರು. ಶಬ್ದ ಗಣ್ ಎಂದ ಜಾಗದಲ್ಲಿ ಗೀಟು. ಕಾವಿ ಹಚ್ಚಿದ ದಾರ ಹಿಡಿದು ಕಂಬದ ನಾಲ್ಕೂ ಮುಖಕ್ಕೆ ನಡುಗೆರೆ ಹೊಡೆದರು. ಕಂಬದ ಅಂಚು ಸವೆದು ಸೊಟ್ಟಗಾಗಿರುತ್ತದೆ, ಅಂಚಿನಿಂದ ಅಳೆದರೆ ಮೋಸ, ನಡುಗೆರೆಯಿಂದಲೇ ಅಳೆಯಬೇಕು. ಮೇಲಿನ ತುಂಡಿನಲ್ಲಿ ಅರ್ಧ, ಕೆಳಗಿನ ಹೊಸ ತುಂಡಿನಲ್ಲಿ ಅರ್ಧ ತೆಗೆದು, ಒಂದರ ಮೇಲೊಂದು ಕೂರುವ ಕೂಡಿಕೆ. ಉದ್ದ ಕಂಬದ ಅಗಲದ ಎರಡೂವರೆ ಪಟ್ಟು. ಭಾರವೆಲ್ಲ ಮಟ್ಟಸ ಭುಜದ ಮೇಲೆ, ಅಂದರೆ ಅಡ್ಡ ಕೊಯ್ದ ಮೆಟ್ಟಿಲಿನಂಥ ಜಾಗದ ಮೇಲೆ, ಇಳಿಯಬೇಕು, ಓರೆ ಮೈಮೇಲೆ ಇಳಿದರೆ ಬೆಣೆಯಾಗಿ ಸೀಳುತ್ತದೆ. ಭುಜವನ್ನು ಗರಗಸದಿಂದ ಕೊಯ್ದ ಮೇಲೂ ಅಗಲ ಉಳಿಯಿಂದ ಎಳೆ ಎಳೆಯಾಗಿ ತೆಗೆದರು. ಎರಡು ತುಂಡು ಕೂಡಿಸಿ ನಡುವೆ ಪೇಪರ್ ತೂರಿಸಿ ನೋಡುವುದು. ತೂರಿದ ಕಡೆಯ ಎದುರು ಬದಿಯಲ್ಲಿ ಇನ್ನೊಂದು ಎಳೆ. ಯಾವ ಕಡೆಯೂ ಪೇಪರ್ ತೂರದಾದಾಗ ತೂತು ಕೊರೆಯುವ ಬೈರಿಗೆ ಹಿಡಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮರದ ಮೊಳೆಯ ತೂತನ್ನು ಎರಡೂ ತುಂಡಿನಲ್ಲಿ ಒಂದೇ ಗೆರೆಗೆ ಹೊಡೆಯಲಿಲ್ಲ. ಒಳಗಿನ ತುಂಡಿನ ತೂತನ್ನು ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ, ಭುಜದ ಕಡೆ ಸರಿಸಿದರು. ಮೊಳೆ ಹೊಡೆದಾಗ ಅದು ಎರಡೂ ತೂತನ್ನು ಒಂದೇ ಗೆರೆಗೆ ತರಲು ಎಳೆಯುತ್ತದೆ, ಆ ಎಳೆತಕ್ಕೆ ಭುಜ ಭುಜಕ್ಕೆ ಕಚ್ಚಿಕೊಳ್ಳುತ್ತದೆ. ಅಂಟು ಬೇಡ, ಕ್ಲ್ಯಾಂಪು ಬೇಡ. ಮೊಳೆ ಕರಿಜಾಲಿಯದು, ಚೆನ್ನಾಗಿ ಒಣಗಿದ್ದು. ಗರಗಸದಿಂದ ಕೊಯ್ದು ಮಾಡಿದ್ದಲ್ಲ. ಕೊಡಲಿಯಿಂದ ಎಳೆಯ ಗುಂಟ ಸೀಳಿ, ಆಮೇಲೆ ಕೆತ್ತಿದ್ದು. ಎಳೆ ತುಂಡಾಗದೆ ತುದಿಯಿಂದ ತುದಿಗೆ ಓಡಿದರೆ ಮಾತ್ರ ಆ ಎಳೆತಕ್ಕೆ ಮೊಳೆ ಮುರಿಯದೆ ಬಾಗುತ್ತದೆ. ಅಮೆರಿಕ, ಯುರೋಪಿನ ಬಡಿಗರಲ್ಲೂ ಇದೇ ಪದ್ಧತಿ ಇದೆ. "ಇದನ್ನ ಎಲ್ಲಿ ಕಲ್ತ್ರಿ ಯಜ್ಜಾ?" ಎಂದು ಹುಡುಗನೊಬ್ಬ ಕೇಳಿದ. "ಚಕ್ಕಡ್ಯಾಗ ಮೂಕಿ ಸಡ್ಲ ಆದ್ರ ಎತ್ತಿನ ಹೆಗಲು ಹೋಕ್ಕಿತ್ತು ತಮ್ಮಾ. ಕಲೀದ ಏನ್ ಮಾಡಾದು" ಎಂದರು ಅಜ್ಜ.

ಮುಂದಿನ ಕಂಬಗಳನ್ನು ಹುಡುಗರೇ ಮಾಡಿದರು, ಅಜ್ಜ ಪಕ್ಕದಲ್ಲಿ ಕೂತರು. ಒಂದೊಂದು ಕಂಬಕ್ಕೆ ಇಬ್ಬರು ಹುಡುಗರು, ಒಬ್ಬ ಹಿರಿಯ. ಇದನ್ನು ಮಾತ್ರ ಬಿಡಬೇಡಿ. ಹತ್ತು ಜನ ನೋಡಿ ಒಬ್ಬರು ಮಾಡಿದರೆ ನೋಡಿದವರ ಕೈಗೆ ಏನೂ ಬರುವುದಿಲ್ಲ. ಹಳೆ ಕಟ್ಟಿಗೆಗೆ ಮಷಿನ್ ಹಚ್ಚುವವರು ಇನ್ನೊಂದನ್ನು ನೆನಪಿಡಬೇಕು: ಒಳಗೆ ಮುರಿದ ಮೊಳೆಗಳು ಇದ್ದೇ ಇರುತ್ತವೆ. ತೊಟ್ಟಿಲ ಕೊಂಡಿ, ಲಾಟೀನು ತೂಗುಹಾಕಿದ ಮೊಳೆ, ತೋರಣದ ಮೊಳೆ. ಸ್ಪೀಕರಿನ ಆಯಸ್ಕಾಂತ ಹಿಡಿದು ಮೈಯೆಲ್ಲ ಸವರಿ, ಸಿಕ್ಕಿದ್ದನ್ನು ಕಿತ್ತ ಮೇಲೆಯೇ ಬ್ಲೇಡು ಇಡಬೇಕು. ಇಲ್ಲದಿದ್ದರೆ ಬ್ಲೇಡು ಹೋಗುವುದಷ್ಟೇ ಅಲ್ಲ, ಕಣ್ಣಿಗೂ ಅಪಾಯ.

ನಡುವೆ ಒಂದು ದಿನ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊಳೆಯಾಚೆ ಹಂಪಿಗೆ ಕರೆದೊಯ್ದೆ. ಗುಡಿ ನೋಡಲಿಕ್ಕಲ್ಲ. ಅರಮನೆ ಆವರಣದಲ್ಲಿ, ಮಹಾನವಮಿ ದಿಬ್ಬಕ್ಕೆ ಸಮೀಪ, ನೂರು ಕಂಬದ ಸಭಾಮಂಟಪದ ಕಟ್ಟೆ ಇದೆ. ಕಂಬ ಒಂದೂ ಇಲ್ಲ, ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬ ನಿಂತಿದ್ದ ಗುರುತು ಮಾತ್ರ ಕಲ್ಲಿನಲ್ಲಿ ಉಳಿದಿದೆ. ಕಂಬಗಳು ಮರದವು; 1565ರ ಯುದ್ಧದ ನಂತರದ ಹಾಳಿನಲ್ಲಿ ಹೋದವು. ಹಂಪಿ ಎಂದರೆ ಕಲ್ಲು ಎಂದು ಎಲ್ಲರೂ ಹೇಳುತ್ತಾರೆ. ಆದರೆ ರಾಜರು ಕೂರುತ್ತಿದ್ದ, ಇರುತ್ತಿದ್ದ ಕಟ್ಟಡಗಳ ಮೇಲುಭಾಗ ನಮ್ಮ ಕಸುಬಿನವರ ಕೈಕೆಲಸ. ತೇರಿನ ಆಚಾರರು ಒಂದು ಕಂಬದ ಗುರುತಿನಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಅಳೆದರು, ಅಲ್ಲಿಯೇ ಕೂತು ತೊಲೆ ಎಷ್ಟು ದಪ್ಪ ಇದ್ದಿರಬೇಕು ಎಂದು ವಾದಕ್ಕಿಳಿದರು. ನೂರು ಕಂಬಕ್ಕೆ ಅಷ್ಟು ಕಟ್ಟಿಗೆ ತಂದು ಒಣಗಿಸಲಿಕ್ಕೆ ಎಷ್ಟು ವರ್ಷ ಬೇಕು, ಎಷ್ಟು ಜನ ಉಳಿ ಹಿಡಿದಿರಬೇಕು ಎಂದು ಹುಡುಗರು ದಾರಿಯುದ್ದಕ್ಕೂ ಮಾತಾಡಿದರು. ನಮ್ಮ ಕಸುಬಿನ ಹಿರಿಮೆಯನ್ನು ನಾನು ಭಾಷಣ ಮಾಡಿ ಹೇಳಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ.

ಕೂಟದ ಅತಿ ಜೋರಾದ ಚರ್ಚೆ ಛಾವಣಿಯದು. ಮಣ್ಣಿನ ಮಾಳಿಗೆ ವರ್ಷ ವರ್ಷ ನಿಗಾ ಬೇಡುತ್ತದೆ, ಊರಿಗೆ ಬಿಟ್ಟ ಕಟ್ಟಡಕ್ಕೆ ಯಾರು ಮಣ್ಣು ಹಾಕುತ್ತಾರೆ, ತಗಡು ಹೊದಿಸಿಬಿಡೋಣ ಎಂದರು ಕೆಲವರು. ಮಾತು ಸುಳ್ಳಲ್ಲ. ಆದರೆ ತೇರಿನವರು ತಕ್ಷಣ ತಡೆದರು. ಮಾಳಿಗೆ ಮನೆಯ ಕಂಬ-ತೊಲೆಗೆ ಓರೆ ಆಧಾರ ಇರುವುದಿಲ್ಲ. ಅಮೆರಿಕ, ಯುರೋಪಿನ ಚೌಕಟ್ಟಿನಲ್ಲಿ ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದು ಕಟ್ಟಿಗೆ ಇದ್ದೇ ಇರುತ್ತದೆ, ಗಾಳಿಗೆ ಚೌಕಟ್ಟು ವಾಲದಂತೆ ಹಿಡಿಯುವುದು ಅದು. ನಮ್ಮಲ್ಲಿ ಆ ಕೆಲಸ ಮಾಡುವುದು ಮೇಲಿನ ಟನ್‌ಗಟ್ಟಲೆ ಮಣ್ಣು ಮತ್ತು ಸುತ್ತಲಿನ ದಪ್ಪ ಗೋಡೆ. ಭಾರವೇ ಕಂಬವನ್ನು ಕಲ್ಲಿಗೆ ಒತ್ತಿ ಹಿಡಿಯುತ್ತದೆ. ಮಣ್ಣು ತೆಗೆದು, ಗೋಡೆಯೂ ಇಲ್ಲದ ತೆರೆದ ಪಡಸಾಲೆಗೆ ತಗಡು ಹೊದಿಸಿದರೆ ಮೇ ತಿಂಗಳ ಬಿರುಗಾಳಿ ಇಡೀ ಕಟ್ಟನ್ನೇ ಅಲುಗಿಸುತ್ತದೆ. ನಮ್ಮ ಕಡೆ ಆ ಗಾಳಿಗೆ ತಗಡು ಹಾರುವುದನ್ನು ಕಾಣದವರು ಯಾರು? ಹಳೆ ಕಟ್ಟಡದಲ್ಲಿ ಒಂದನ್ನು ಬದಲಿಸಿದರೆ ಅದರ ಜೊತೆ ಇನ್ನೇನು ಸಡಿಲವಾಗುತ್ತದೆಂದು ಕೇಳಿಕೊಳ್ಳಲೇಬೇಕು.

ತೀರ್ಮಾನ ಹೀಗಾಯಿತು: ಮಣ್ಣಿನ ಮಾಳಿಗೆಯನ್ನೇ ಹಾಕುವುದು, ಆದರೆ ತೆಳುವಾಗಿ, ಅರ್ಧ ಅಡಿ ಮೀರದಂತೆ, ಹಿಂದೆ ಮತ್ತು ಒಂದು ಬದಿಗೆ ಕಲ್ಲುಗೋಡೆ, ತೆರೆದ ಎರಡು ಕಡೆ ಕಂಬಕ್ಕೂ ತೊಲೆಗೂ ಓರೆ ಕಟ್ಟಿಗೆ. ಓರೆ ಕಟ್ಟಿಗೆ ನಮ್ಮ ಸಂಪ್ರದಾಯದ್ದಲ್ಲ ಎಂದು ಒಬ್ಬಿಬ್ಬರು ಬೇಸರಿಸಿದರು. ಕಿನ್ನಾಳದವರು ಅದಕ್ಕೆ ಬೋದಿಗೆಯ ಬಳ್ಳಿಯನ್ನೇ ಮುಂದುವರಿಸಿ ಕೆತ್ತನೆ ಬರೆದುಕೊಟ್ಟ ಮೇಲೆ ಬೇಸರ ಹೋಯಿತು. ಈಗ ನೋಡಿದವರು ಅದು ಮೊದಲಿನಿಂದ ಇದ್ದದ್ದು ಎಂದೇ ತಿಳಿಯುತ್ತಾರೆ.

ಮಣ್ಣಿನ ವಿಷಯಕ್ಕೆ ಬಂದರೆ ಬಡಿಗರೆಲ್ಲ ಕೈ ಚೆಲ್ಲಿದರು. ಅದನ್ನು ಬಲ್ಲವರು ಊರಿನ ಹೆಣ್ಣುಮಕ್ಕಳು. ಒಬ್ಬ ಅಮ್ಮನವರು ನಾಲ್ಕು ಕಡೆಯ ಮಣ್ಣು ತರಿಸಿ, ಒಂದೊಂದನ್ನು ಅಂಗೈಯಲ್ಲಿ ಬಟ್ಟಲು ಮಾಡಿ ನೀರು ಹಾಕಿ ಹಿಡಿದು ನಿಂತರು. ಮೂರರಲ್ಲಿ ನೀರು ಇಳಿಯಿತು, ಒಂದರಲ್ಲಿ ನಿಂತಿತು. ಅದು ಕಾಲುವೆ ಕೆಳಗಿನ ಹಾಳುಬಿದ್ದ ಹೊಲದ ಸವಳು ಮಣ್ಣು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ನೀರು ನಿಂತು ಸವಳು-ಜವಳಾದ ಹೊಲಗಳು ನಮ್ಮಲ್ಲಿ ಬೇಕಾದಷ್ಟಿವೆ. ಸವಳಿನಲ್ಲಿ ಸೋಡಿಯಂ ಜಾಸ್ತಿ. ಒದ್ದೆಯಾದಾಗ ಜಿಗುಟು ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಇಳಿಯುವುದಿಲ್ಲ. ರೈತನ ಹೊಲ ಕೆಡಿಸುವ ಅದೇ ಗುಣ ಮಾಳಿಗೆಯನ್ನು ಕಾಯುತ್ತದೆ. ಜಂತಿಯ ಮೇಲೆ ಸಣ್ಣ ಕಟ್ಟಿಗೆ ಹೊಂದಿಸಿ, ಬೇವಿನ ಮತ್ತು ಬಂದರಿಕೆ ಸೊಪ್ಪು ಒತ್ತಾಗಿ ಹಾಸಿ, ತುಳಿದು ಹದ ಮಾಡಿದ ಕೆಂಪು ಮಣ್ಣು ಹಾಕಿ ಬಡಿದು, ಮೇಲೆ ಸವಳಿನ ಪದರ. ನೀರು ಹೋಗಲು ಹಿಂದಕ್ಕೆ ಇಳಿಜಾರು, ನೀರು ಹೊರಚೆಲ್ಲುವ ದೋಣಿ ಇಟ್ಟದ್ದು ಗೋಡೆಯಿಂದ ಒಂದು ಮೊಳ ಹೊರಗೆ. ಆ ಅಮ್ಮನವರಿಗೂ ಅವರ ಜೊತೆಯವರಿಗೂ ಬಡಿಗರಷ್ಟೇ ಕೂಲಿ ಕೊಟ್ಟೆವು. ಹೆಣ್ಣಾಳಿಗೆ ಅರ್ಧ ಕೂಲಿ ಎಂಬ ಪದ್ಧತಿಗೆ ಇಂಥ ಕೂಟದಲ್ಲಿ ಜಾಗ ಇರಬಾರದು.

ಎತ್ತಿ ನಿಲ್ಲಿಸುವ ದಿನ ಇಡೀ ಊರು ಸೇರಿತ್ತು. ಹನ್ನೆರಡು ಅಡಿ ಉದ್ದ, ಒಂಬತ್ತು ಇಂಚು ಚೌಕದ ಒಣ ಸಾಗುವಾನಿ ತೊಲೆ ಸುಮಾರು 125 ಕಿಲೊ ತೂಗುತ್ತದೆ. ಕ್ರೇನ್ ತರಿಸಬಹುದಿತ್ತು, ಬೇಡ ಎಂದೆವು. ಕೈಯಿಂದ ಎತ್ತಿದರೆ ಕಟ್ಟಿಗೆಯ ತೂಕ ಹುಡುಗರ ಮೈಗೆ ಗೊತ್ತಾಗುತ್ತದೆ. ಎರಡು ಗಳ ಕತ್ತರಿಯಾಗಿ ಕಟ್ಟಿ, ತಲೆಗೆ ಚೈನ್ ಪುಲ್ಲಿ, ತೊಲೆಯ ಎರಡೂ ತುದಿಗೆ ಹಿಡಿಹಗ್ಗ. ಕಂಬಗಳನ್ನು ಮೊದಲೇ ನಿಲ್ಲಿಸಿ, ತೂಗುಗುಂಡು ಬಿಟ್ಟು ನೋಡಿ, ನಾಲ್ಕೂ ಕಡೆ ಗಳದ ಊರೆ ಕೊಟ್ಟಿದ್ದೆವು. ಹೇಳುವವರು ಒಬ್ಬರೇ, ತೇರಿನ ಆಚಾರರು; ಬೇರೆ ಯಾರೂ ಬಾಯಿ ತೆರೆಯಬಾರದು ಎಂದು ಬೆಳಿಗ್ಗೆಯೇ ಮಾತಾಗಿತ್ತು. ತೇರು ಎಳೆಯುವಾಗಲೂ ಸನ್ನೆ ಕೊಡುವವರು ಒಬ್ಬರೇ ಇರುತ್ತಾರಲ್ಲ. ತೊಲೆಯ ಕೆಳಗೆ ಯಾರೂ ನಿಲ್ಲದಂತೆ ಸುಣ್ಣದ ಗೆರೆ ಎಳೆದೆವು, ಹೆಲ್ಮೆಟ್ ಇಲ್ಲದವರನ್ನು ಗೆರೆ ದಾಟಲು ಬಿಡಲಿಲ್ಲ. "ಸಾವಕಾಶ... ಮೂಡಣದವ್ರು ಜಗ್ರಿ... ಬಿಡ್ರಿ, ಬಿಡ್ರಿ... ನಿಲ್ಲು!" ಎಂದು ಅವರು ಹೇಳುತ್ತಿದ್ದಂತೆ ತೊಲೆ ಇಳಿದು ಬೋದಿಗೆಯ ನಾಲಿಗೆಗೆ ಕೂತಿತು. ಕೊನೆಯ ತೊಲೆ ಕೂತಾಗ ಮನೆ ಬಿಟ್ಟುಕೊಟ್ಟ ರೈತರ ತಾಯಿ ಮುಂದೆ ಬಂದು ಕಂಬಕ್ಕೆ ಅರಿಶಿನ-ಕುಂಕುಮ ಹಚ್ಚಿದರು. ಅವರು ಆ ಮನೆಗೆ ಸೊಸೆಯಾಗಿ ಬಂದವರು, ಆ ಕಂಬಕ್ಕೆ ಒರಗಿ ಬಾಳಿದವರು.

ಮುಂಗಾರು ಕಳೆದಿದೆ. ಒಂದು ಮೂಲೆಯಲ್ಲಿ ಸ್ವಲ್ಪ ಹನಿಯಿತು, ಸವಳು ಹಾಕಿ ಬಡಿದ ಮೇಲೆ ನಿಂತಿತು. ಕೂಡಿಕೆಗಳು ಅಲುಗಿಲ್ಲ. ಪ್ಲೈವುಡ್ ಕೆಲಸದ ಹುಡುಗರಲ್ಲಿ ಮೂವರು ತೇರಿನ ಆಚಾರರ ಜೊತೆ ಹೋಗುತ್ತಿದ್ದಾರೆ, ಒಂದು ಊರಿನ ತೇರಿನ ಅಚ್ಚು ಬದಲಿಸುವ ಕೆಲಸ ನಡೆದಿದೆ. ಆರ್ಕಿಟೆಕ್ಟ್ ಹುಡುಗಿಯರು ಪ್ರತಿ ಕೂಡಿಕೆಯ ನಕ್ಷೆ ಬರೆದು ಅಳತೆ ಸಮೇತ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದಾರೆ. ಓದು ಬಾರದ ಹಿರಿಯರಿಗೆ ಅದೇ ಅಳತೆಯಲ್ಲಿ ಸಣ್ಣ ಸಣ್ಣ ಮರದ ಮಾದರಿ ಮಾಡಿಸಿ ಕೊಟ್ಟೆವು.

ಈ ವರ್ಷ ಕುಷ್ಟಗಿ ಕಡೆಯ ಒಂದು ಮನೆಯವರು ತಮ್ಮ ಮಾಳಿಗೆಯನ್ನು ಬಿಚ್ಚದೆ, ಇದ್ದಲ್ಲೇ ದುರಸ್ತಿ ಮಾಡಬೇಕೆಂದಿದ್ದಾರೆ. ಅದು ಇನ್ನೂ ಕಷ್ಟದ ಕೆಲಸ: ಮೇಲಿನ ಮಣ್ಣು ಹಾಗೆಯೇ ಇಟ್ಟು, ತೊಲೆಗೆ ಜ್ಯಾಕು ಕೊಟ್ಟು ಎತ್ತಿ, ಕೆಳಗಿನ ಕಂಬದ ಕಾಲು ಬದಲಿಸಬೇಕು. ಒಂದು ಸಲಕ್ಕೆ ಒಂದೇ ಕಂಬ, ಎತ್ತುವುದು ದಿನಕ್ಕೆ ಎರಡು ನೂಲಿಗಿಂತ ಹೆಚ್ಚಿಲ್ಲ ಎಂದು ಎಂಜಿನಿಯರ್ ಹೇಳಿದ್ದಾರೆ. ರಾಯಚೂರು, ಸಿಂಧನೂರು, ಸಿರುಗುಪ್ಪ ಕಡೆ ಇಂಥ ಕೆಲಸ ಮಾಡಿದ ಕೈ ಇದ್ದರೆ ನಮಗೆ ಬೇಕು. ಕೂಲಿ, ಊಟ, ಇರಲು ಜಾಗ ನಮ್ಮದು. ಅವರವರ ಉಳಿ, ಬಾಚಿ ಅವರೇ ತರಲಿ. ಇನ್ನೊಬ್ಬರ ಉಳಿ ಕೈಗೆ ಹೊಂದುವುದಿಲ್ಲ. ಜೊತೆಗೆ ಕಸುಬು ಕಲಿಯುವ ಮನಸ್ಸಿರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಬಂದರೆ ಅವರಿಗೂ ಕೂಲಿ ಇದೆ.